ಒಂದು ಗೇಣು ಅನ್ನ, ಒಂದು ಮೊಳ ಬೇಳೆ

ಮನುಷ್ಯನಾಗಿ ಹುಟ್ಟಿದವನಿಗೆ ಕನಿಷ್ಠ ಏನೇನು ಗೊತ್ತಿರಬೇಕು ಎಂಬುದರ ಬಗ್ಗೆ ಪ್ರತಿಯೊಬ್ಬರೂ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಆ ಪಟ್ಟಿಯಲ್ಲಿರುವುದೆಲ್ಲ ಅದನ್ನು ಮಾಡಿದವರಿಗೆ ಮೊದಲೇ ಗೊತ್ತಿರುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ. ನನ್ನ ಅಪ್ಪನ ಪ್ರಕಾರ ಕಡಿದ ಎಳೆಯನ್ನು ಗಂಟು ಕಾಣದಂತೆ ಕಟ್ಟಲು ಬಾರದವನು ಮನುಷ್ಯನೇ ಅಲ್ಲ. ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿರುವ ನನ್ನ ಗೆಳೆಯನಿಗೆ ಸೈಕಲ್ ಪಂಕ್ಚರ್ ಹಾಕಲು ಬಾರದವರ ಮೇಲೆ ಅದೇ ಅಭಿಪ್ರಾಯ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವವನಾದ್ದರಿಂದ, ಸರಾಸರಿ ತೆಗೆಯಲು ಬಾರದವರನ್ನು ಕಂಡರೆ ನನಗೂ ಒಳಗೊಳಗೇ ಮರುಕ. ಇನ್ನು ನನ್ನ ಹೆಂಡತಿ ಸರೋಜಳ ಪಟ್ಟಿಯಲ್ಲಿ ಮೂರೇ ಬಾಬತ್ತು: ಅನ್ನ, ಬೇಳೆ ಸಾರು, ಒಂದು ಪಲ್ಯ. ಇಷ್ಟು ಮಾಡಲು ಬಾರದವರು ಒಂದು ಮನೆಯಲ್ಲಿ ಇರುವ ಹಕ್ಕನ್ನೇ ಪಡೆದಿಲ್ಲ ಎಂದು ಅವಳ ವಾದ. ಮದುವೆಯಾದ ಹೊಸತರಲ್ಲಿ ನನಗೆ ಈ ಮೂರೂ ಬರುತ್ತವೆಂದು ನಾನೇ ಹೇಳಿದ್ದೆನಂತೆ. ನನಗೆ ನೆನಪಿಲ್ಲ. ನೆನಪಿಲ್ಲದ್ದನ್ನು ನಿರಾಕರಿಸಲು ನನಗೆ ಧೈರ್ಯವಿಲ್ಲ, ಏಕೆಂದರೆ ನೆನಪಿರುವುದರಲ್ಲೂ ಅರ್ಧ ಸುಳ್ಳೆಂದು ಈಚೆಗೆ ರುಜುವಾತಾಗುತ್ತಿದೆ.

ವಿಷಯ ಬಿಗಡಾಯಿಸಿದ್ದು ಹೀಗೆ. ಸರೋಜಳಿಗೆ ಬಿ.ಎ.ಯಲ್ಲಿ ಒಂದು ಪತ್ರಿಕೆ ಬಾಕಿ ಉಳಿದಿತ್ತು. ಅದು ಬಾಕಿ ಉಳಿದದ್ದೇ ನನ್ನನ್ನು ಮದುವೆಯಾದದ್ದರಿಂದ ಎಂದು ಅವಳು ಜಗಳವಿಲ್ಲದ ದಿನಗಳಲ್ಲೂ ಹೇಳುತ್ತಿದ್ದಳು. ಹಳೆಯ ಪಠ್ಯಕ್ರಮಕ್ಕೆ ಇದೇ ಕೊನೆಯ ಪರೀಕ್ಷೆ, ಈ ಸಲ ತಪ್ಪಿದರೆ ಎಲ್ಲ ಪತ್ರಿಕೆಗಳನ್ನೂ ಮೊದಲಿನಿಂದ ಬರೆಯಬೇಕು ಎಂದು ಮೈಸೂರಿನಿಂದ ಸುದ್ದಿ ಬಂತು. ಅದೇ ಹೊತ್ತಿಗೆ ಪಲ್ಲಡಂನಲ್ಲಿ ಅಣ್ಣನ ಜೊತೆಗಿದ್ದ ನಮ್ಮವ್ವ ಕಣ್ಣಿನ ಆಪರೇಷನ್ನಿಗೆಂದು ಸಿಂಗಾನಲ್ಲೂರಿನ ನಮ್ಮ ಬಾಡಿಗೆ ಮನೆಗೆ ಬಂದರು. ಆಪರೇಷನ್ ಮುಗಿದು ಕಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ. ಒಲೆಯ ಹತ್ತಿರ ಸುಳಿಯಬಾರದು, ಬಗ್ಗಬಾರದು, ಡಾಕ್ಟರು ಕರೆದಾಗಲೆಲ್ಲ ಆಸ್ಪತ್ರೆಗೆ ಹೋಗಬೇಕು, ಆದ್ದರಿಂದ ಪಲ್ಲಡಂಗೂ ಕಳಿಸುವಂತಿಲ್ಲ. ಅವ್ವ ಜೀವಮಾನದಲ್ಲಿ ಹೋಟೆಲಿನ ಅನ್ನ ಮುಟ್ಟಿದವರಲ್ಲ. ಪಕ್ಕದ ಮನೆಯವರು ಕೊಟ್ಟರೆ ತಿನ್ನುವವರೂ ಅಲ್ಲ. ಹೀಗಾಗಿ ಸರೋಜ ಮೈಸೂರಿಗೆ ಹೋಗುವುದು ಬಿಡುವುದು ನನ್ನ ಕೈಯಡುಗೆಯ ಮೇಲೆ ನಿಂತಿತು.

"ಭಾನುವಾರ ನೀವೊಬ್ಬರೇ ಅಡುಗೆ ಮಾಡಿ ಅತ್ತೆಗೆ ಬಡಿಸಿ," ಎಂದಳು. "ಅತ್ತೆ ಸರಿ ಅಂದರೆ ಸೋಮವಾರ ನಾನು ಟಿಕೆಟ್ ತಗೋತೀನಿ. ಇಲ್ಲದಿದ್ದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಆಮೇಲೆ ಆ ಮಾತು ಎತ್ತಬೇಡಿ."

ಅವಳು ಇದನ್ನು ಕೋಪದಿಂದ ಹೇಳಿದ್ದರೆ ನಿಭಾಯಿಸಬಹುದಿತ್ತು. ಬೀನ್ಸ್ ಮುರಿಯುತ್ತ, ತಲೆ ಎತ್ತದೆ ಹೇಳಿದಳು.

ಮನೆಯಲ್ಲಿ ಪ್ರೆಷರ್ ಕುಕ್ಕರ್ ಇತ್ತು. ಅದನ್ನು ಬಳಸಲು ಬಿಟ್ಟಿದ್ದರೆ ಈ ಪ್ರಬಂಧಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಕುಕ್ಕರಿನ ಅನ್ನವನ್ನು ಅವ್ವ ಉಸಿರು ಕಟ್ಟಿ ಸತ್ತ ಅನ್ನ ಎನ್ನುತ್ತಿದ್ದರು. ಅಂಥದ್ದನ್ನು ಎಲೆಗೆ ಹಾಕಿಸಿಕೊಳ್ಳುವವರಲ್ಲ. ಪಾತ್ರೆಯಲ್ಲೇ ಆಗಬೇಕು. ಅದಕ್ಕೇನಂತೆ ಎಂದುಕೊಂಡು ನಾನು ಅವ್ವನ ಮಂಚದ ಪಕ್ಕ ಕೂತು ವಿದ್ಯಾರ್ಥಿಯ ವಿನಯದಿಂದ ಕೇಳಿದೆ: "ಅವ್ವ, ಅನ್ನ ಎಷ್ಟು ಹೊತ್ತು ಬೇಯಬೇಕು?"

"ಅದೇನ್ ದೊಡ್ಡ ವಿಷಯ ಕಣ್ಣು? ಅಡುಪಿನ ಮೇಲೆ ಇಟ್ಟು ಒಂದು ಗೇಣು ನೇದ್ರೆ ಅನ್ನ ಆಗ್ತದೆ." ಕಣ್ಣು ಎಂದರೆ ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು.

"ಬೇಳೆ?"

"ಒಂದು ಮೊಳ."

ನಮ್ಮದು ತಲೆಮಾರುಗಳಿಂದ ಪಲ್ಲಡಂನಲ್ಲೇ ನೆಲೆಸಿದ, ಕನ್ನಡ ಮಾತಿನ ನೇಯ್ಗೆಯ ಮನೆತನ. ಮಗ್ಗವಿದ್ದದ್ದು ಮುಂದಿನ ಕೋಣೆಯಲ್ಲಿ, ಒಲೆ ಹಿಂದಿನ ಕೋಣೆಯಲ್ಲಿ, ಗಡಿಯಾರ ಎರಡರಲ್ಲೂ ಇರಲಿಲ್ಲ. ಅಪ್ಪ ನೇಯುತ್ತಿದ್ದರೆ ಅವ್ವ ಪಾತ್ರೆ ಇಟ್ಟು ಬಂದು ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದರು. ಬಟ್ಟೆ ಒಂದು ಗೇಣು ಬೆಳೆಯಿತೆಂದರೆ ಎದ್ದು ಹೋಗಿ ಅನ್ನ ಇಳಿಸುವುದು. ನಮ್ಮ ಬೀದಿಯ ಮನೆಗಳಲ್ಲೆಲ್ಲ ಹೊತ್ತು ಬಟ್ಟೆಯ ಮೇಲೇ ಕಾಣುತ್ತಿತ್ತು. ಇದು ನನಗೆ ನೆನಪಿದೆ. ಅಪ್ಪ "ಗೇಣು ಆಯ್ತು ನೋಡು" ಎಂದು ಕೂಗುತ್ತಿದ್ದ ಧ್ವನಿಯೂ ನೆನಪಿದೆ. ಆದರೆ ಕೂಗುತ್ತಿದ್ದದ್ದು ಅಪ್ಪ ಅಲ್ಲ, ಅವ್ವನೇ ಬಂದು ಅಳೆಯುತ್ತಿದ್ದದ್ದು ಎನ್ನುತ್ತಾನೆ ಅಣ್ಣ. ಅವನ ನೆನಪಿನಲ್ಲಿ ನಾನು ಆ ಹೊತ್ತಿನಲ್ಲಿ ಮನೆಯಲ್ಲೇ ಇರುತ್ತಿರಲಿಲ್ಲವಂತೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಸಾಕ್ಷಿಗಳು ಹೀಗೆ ಹೇಳಿದರೆ ಯಾವ ನ್ಯಾಯಾಧೀಶನೂ ಮೊಕದ್ದಮೆಯನ್ನು ವಜಾ ಮಾಡಿಯಾನು.

ನನಗಿದ್ದ ತೊಂದರೆ ಇಷ್ಟೇ: ನನ್ನ ಬಾಡಿಗೆ ಮನೆಯಲ್ಲಿ ಮಗ್ಗವಿಲ್ಲ. ಗೇಣನ್ನು ನಿಮಿಷಕ್ಕೆ ಪರಿವರ್ತಿಸಬೇಕು. ರೂಪಾಯಿಯನ್ನು ಡಾಲರಿಗೆ ಪರಿವರ್ತಿಸುವುದನ್ನು ವರ್ಷ ವರ್ಷವೂ ಕಲಿಸುವ ನನಗೆ ಇದೇನು ಮಹಾ? ಶನಿವಾರ ಕೈಗಡಿಯಾರಕ್ಕೆ ಕೀಲಿ ಕೊಟ್ಟುಕೊಂಡು ಪಲ್ಲಡಂ ಬಸ್ಸು ಹತ್ತಿದೆ.

ಅಣ್ಣ ಅಷ್ಟರಲ್ಲಿ ಕೈಮಗ್ಗ ಬಿಟ್ಟು ಪವರ್‌ಲೂಮಿನ ಶೆಡ್ಡು ಹಾಕಿದ್ದ. ಒಳಗೆ ಕಾಲಿಟ್ಟರೆ ಕಿವಿಯೊಳಗೆ ಯಾರೋ ಮೊಳೆ ಹೊಡೆದಂತೆ. ನಾನು ಬಟ್ಟೆಯ ಮೇಲೆ ಸೀಮೆಸುಣ್ಣದ ಗೀಟೆಳೆದು, ಗೇಣು ಅಳೆದು, ಗಡಿಯಾರ ಹಿಡಿದು ನಿಂತೆ. ಮೂರು ನಿಮಿಷ ದಾಟಲಿಲ್ಲ, ಗೇಣು ಮುಗಿದೇಹೋಯಿತು. ಮತ್ತೊಂದು ಸಲ ಅಳೆದೆ. ಅಷ್ಟೇ.

ಅಣ್ಣ ಹತ್ತಿರ ಬಂದು ಕಿವಿಯಲ್ಲಿ ಅರಚಿದ: "ಏನ್ಡಾ ಪ್ರೊಫೆಸರೇ, ಇನ್ಸ್‌ಪೆಕ್ಷನ್ನಾ?"

"ಅನ್ನ ಬೇಯೋಕೆ ಎಷ್ಟು ಹೊತ್ತು ಅಂತ ನೋಡ್ತಿದ್ದೀನಿ," ಎಂದು ನಾನೂ ಅರಚಿದೆ.

ಅಣ್ಣ ನನ್ನನ್ನು ಒಂದು ಗಳಿಗೆ ನೋಡಿ, ತೋಳು ಹಿಡಿದು ಹೊರಗೆ ಕರೆತಂದು, ಬೇವಿನ ಮರದ ನೆರಳಲ್ಲಿ ಕೂರಿಸಿ, ನೀರು ಕೊಟ್ಟ. ಬಿಸಿಲಿಗೆ ಹೀಗಾಗುತ್ತದೆ ಎಂದು ಭಾವಿಸಿದ್ದನೆಂದು ಆಮೇಲೆ ತಿಳಿಯಿತು.

ಮೂರು ನಿಮಿಷಕ್ಕೆ ನೀರೂ ಕಾಯುವುದಿಲ್ಲ ಎಂಬಷ್ಟು ತಿಳುವಳಿಕೆ ನನಗೆ ಇತ್ತು. ಆದ್ದರಿಂದ ಹಿಂದಿನ ಬೀದಿಯಲ್ಲಿ ಇನ್ನೂ ಕೈಮಗ್ಗ ಬಿಡದ ಸೋದರಮಾವನ ಮನೆಗೆ ಹೋದೆ. ಮಾವ ಗುಂಡಿಮಗ್ಗದಲ್ಲಿ ಕಾಲಿಳಿಸಿ ಕೂತಿದ್ದ. ನಾನು ಗೀಟೆಳೆದೆ, ಗಡಿಯಾರ ನೋಡಿದೆ. ಮಾವ ಲಾಳಿಯನ್ನು ನಾಲ್ಕು ಸಲ ಓಡಿಸಿ ನಿಲ್ಲಿಸಿದ.

"ಬಾ ಅಳಿಯ, ಸೌಖ್ಯವಾ? ಅಕ್ಕನ ಕಣ್ಣು ಎಂಗೈತೆ?"

ಅವ್ವನ ಕಣ್ಣಿನ ವಿಷಯ ಹೇಳಿದೆ. ಮತ್ತೆ ಲಾಳಿ. ಒಂದು ಎಳೆ ಕಡಿಯಿತು, ಗಂಟು ಹಾಕಿದ. ವೀಳ್ಯದೆಲೆಯ ನರ ತೆಗೆದ. ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡ. ಆ ಬಾಯಲ್ಲಿ ಮಾತಾಡಲು ಆಗದ್ದರಿಂದ ಇನ್ನಾದರೂ ನೇಯುತ್ತಾನೆ ಎಂದುಕೊಂಡರೆ, ಎದ್ದು ಹೊರಗೆ ಹೋಗಿ ಉಗಿದು ಬಂದು, ನೂಲಿನ ಬೆಲೆ ಏರಿದ್ದಕ್ಕೆ ಯಾರು ಕಾರಣವೆಂದು ಅರ್ಥಶಾಸ್ತ್ರದ ಮೇಷ್ಟರಾದ ನನಗೇ ಪಾಠ ಮಾಡಿದ. ಗೇಣು ಮುಗಿಯುವ ಹೊತ್ತಿಗೆ ಒಂದೂಕಾಲು ಗಂಟೆ.

ಹಿಂದಿರುಗುವ ಬಸ್ಸಿನಲ್ಲಿ ಯೋಚಿಸಿದೆ. ಒಂದು ಅಳತೆಯಲ್ಲಿ ಅನ್ನ ಹಸಿ, ಇನ್ನೊಂದರಲ್ಲಿ ಕರಕಲು. ಇಂಥ ಇಕ್ಕಟ್ಟಿನಲ್ಲಿ ವಿಶ್ವವಿದ್ಯಾನಿಲಯ ನನಗೆ ಏನು ಕಲಿಸಿತ್ತು? ಸರಾಸರಿ ತೆಗೆಯಲು ಕಲಿಸಿತ್ತು. ತೆಗೆದೆ. ಗೇಣಿಗೆ ಹೆಚ್ಚು ಕಡಿಮೆ ನಲವತ್ತು ನಿಮಿಷ ಬಂತು. ಮೊಳವೆಂದರೆ ಎರಡು ಗೇಣು, ಆದ್ದರಿಂದ ಬೇಳೆಗೆ ಎಂಬತ್ತು. ಪಲ್ಯದ ಅಳತೆ ಕೇಳಲು ಮರೆತಿದ್ದೆ. ಅದನ್ನು ಸರೋಜಳ ಮುಖ ನೋಡಿ ಇಳಿಸುವುದೆಂದು ತೀರ್ಮಾನಿಸಿದೆ.

ಭಾನುವಾರ ಸರೋಜ ಅಡುಗೆಮನೆಗೆ ಬರಲೇ ಇಲ್ಲ. ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಅವಳು ಪುಟ ತಿರುವಿದ ಸದ್ದು ಒಂದೇ ಒಂದು ಸಲ ಕೇಳಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅನ್ನ ಕುದಿಯತೊಡಗಿದ ಸ್ವಲ್ಪ ಹೊತ್ತಿಗೆ, ಮಂಚದ ಮೇಲಿಂದ ಅವ್ವ, "ವಾಸನೆ ಬಂತಲ್ಲ ಸಾಮಿ, ಇಳಿಸು," ಎಂದರು. ಗಡಿಯಾರದಲ್ಲಿ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು. ಮೂಗು ವ್ಯಕ್ತಿನಿಷ್ಠ, ಗಡಿಯಾರ ವಸ್ತುನಿಷ್ಠ ಎಂದು ನಾನು ಇಳಿಸಲಿಲ್ಲ. ಕಡೆಗೆ ಗಂಜಿ ಬಸಿಯಲು ಪಾತ್ರೆ ಬಗ್ಗಿಸಿದರೆ ಗಂಜಿಯ ಜೊತೆಗೆ ಅನ್ನವೂ ಹೊರಟಿತು. ತಟ್ಟೆ ಅಡ್ಡ ಹಿಡಿದು ಉಳಿಸಿಕೊಂಡೆ. ಬೇಳೆ ಮಾತ್ರ ಬೆಂದಿತ್ತು. ಸರೋಜಳ ಸಾರಿನ ಪುಡಿ ಯಾರು ಹಾಕಿದರೂ ಅದೇ ರುಚಿ ಕೊಡುವಷ್ಟು ನಿಷ್ಪಕ್ಷಪಾತಿ. ಪಲ್ಯದ ಬಗ್ಗೆ ಬೀನ್ಸಿನ ಮೇಲಿನ ಗೌರವದಿಂದ ಏನೂ ಹೇಳುವುದಿಲ್ಲ.

ಅವ್ವನಿಗೆ ಬಡಿಸಿದೆ. ಸರೋಜ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಪುಸ್ತಕದೊಳಗೆ ಬೆರಳಿಟ್ಟುಕೊಂಡು. ಹಸಿರು ಬಟ್ಟೆಯ ಕೆಳಗಿನ ಮುಖದಲ್ಲಿ ಏನೂ ಕಾಣುವಂತಿರಲಿಲ್ಲ. ಅವ್ವ ಒಂದು ತುತ್ತು ತೆಗೆದುಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿದರು, ನೂಲು ಉಜ್ಜಿ ನೋಡುವಂತೆ.

"ಇದು ಅನ್ನ ಅಲ್ಲ ಕಣ್ಣು. ಪಾವಿಗೆ ಹಾಕೋ ಗಂಜಿ."

ಪಾವು ಎಂದರೆ ಹಾಸುನೂಲು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಹರಡಿ, ಎಳೆ ಗಟ್ಟಿಯಾಗಲೆಂದು ಅನ್ನದ ಗಂಜಿ ಸವರುತ್ತಾರೆ. ಆ ಗಂಜಿಯ ಹದವನ್ನು ನಾನು, ಯಾರೂ ಕೇಳದೆ, ಕರಾರುವಾಕ್ಕಾಗಿ ಸಾಧಿಸಿದ್ದೆ. ಸರೋಜ ಪುಸ್ತಕದೊಳಗಿನ ಬೆರಳು ತೆಗೆದಳು. ಪುಸ್ತಕ ತಾನೇ ಮುಚ್ಚಿಕೊಂಡಿತು.

"ಏನ್ ಸರೋಜ, ಅಲ್ಲೇ ನಿಂತಿದ್ದೀಯಾ?" ಎಂದರು ಅವ್ವ, ಎರಡನೆಯ ತುತ್ತು ಬಾಯಲ್ಲಿಟ್ಟುಕೊಂಡು. "ನೂಲಿಗೆ ಸತ್ವ ಕೊಡೋದು ನನಗೆ ಕೊಡಲ್ವಾ? ನೀ ಓಗು. ಓಗಿ ಬರೆದು ಬಾ. ಇವನು ಸಾಯಿಸಲ್ಲ."

"ಅತ್ತೆ, ನಿಮಗೆ ಇದನ್ನ..."

"ನಲವತ್ತು ವರ್ಷ ಇವರಪ್ಪನ ಗೇಣಿಗೆ ಬೆಂದ ಅನ್ನ ತಿಂದೋಳು ನಾನು. ಅದೇನ್ ದಿನಾ ಒಂದೇ ಥರ ಇತ್ತು ಅಂದ್ಕೊಂಡ್ಯಾ? ಮಾಲು ವಾಪಸ್ ಬಂದ ದಿನ ಮನುಷ್ಯ ಕೋಪದಲ್ಲಿ ಪಟಪಟಾಂತ ನೇಯ್ತಿದ್ದ, ಅನ್ನ ಕಲ್ಲು. ಮನಸ್ಸು ಸಂತೋಷವಾಗಿದ್ರೆ ಆಡ್ಕೊಂಡು ನೇಯ್ತಿದ್ದ, ಅನ್ನ ಇದೇ ಥರ ಕೊಳಕೊಳ." ಮತ್ತೊಂದು ತುತ್ತು ಕಲಸುತ್ತ, "ಕೊಳಕೊಳ ಇದ್ರೆ ನನಗೆ ಸಂತೋಷ," ಎಂದರು.

ಇದನ್ನು ಮೊದಲೇ ಹೇಳಿದ್ದರೆ ನನಗೆ ಪಲ್ಲಡಂ ಬಸ್ಸಿನ ದಾರಿ ಉಳಿಯುತ್ತಿತ್ತು ಎಂದೆ. "ನೀ ಕೇಳಿದ್ದು ಎಷ್ಟು ಹೊತ್ತು ಅಂತ. ಸರಿಯಾಗಿ ಬೇಯ್ತದಾ ಅಂತ ಕೇಳ್ಲಿಲ್ವಲ್ಲ," ಎಂದರು ಅವ್ವ. ಸೋಮವಾರ ಸರೋಜ ಟಿಕೆಟ್ ತಂದಳು.

ಅವಳು ಹೋದ ಮೇಲೆ ಗಡಿಯಾರವನ್ನು ಬಿಚ್ಚಿಟ್ಟೆ. ಆ ದಿನಗಳಲ್ಲಿ ನನ್ನ ಬಳಿ ಕಾಲೇಜಿನ ಪರೀಕ್ಷೆಯ ಉತ್ತರ ಪತ್ರಿಕೆಗಳ ದೊಡ್ಡ ಕಟ್ಟು ಇತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೆಂಪು ಶಾಯಿಯ ಪೆನ್ನು ಹಿಡಿದು ತಿದ್ದುತ್ತ, ನಡುನಡುವೆ ಪಾತ್ರೆಯ ಕಡೆ ನೋಡುತ್ತಿದ್ದೆ. ಕೆಲವೇ ದಿನಗಳಲ್ಲಿ ಒಂದು ಲೆಕ್ಕ ತಾನಾಗಿ ಕೂತಿತು. ಅನ್ನಕ್ಕೆ ಮೂರು ಪತ್ರಿಕೆ, ಬೇಳೆಗೆ ಆರು. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು: "ಗೇಣು ಆಯ್ತಾ?" ನಾನು, "ಇನ್ನೊಂದು ಪತ್ರಿಕೆ ಇದೆ ಅವ್ವ," ಎನ್ನುತ್ತಿದ್ದೆ. ಇಬ್ಬರಿಗೂ ಅರ್ಥವಾಗುತ್ತಿತ್ತು.

ಒಂದು ದಿನ ಅವ್ವ ಅನ್ನವನ್ನು ಬೆರಳಲ್ಲಿ ಒತ್ತಿ ನೋಡಿ, "ಇವತ್ತು ಮಕ್ಕಳು ಸರಿಯಾಗಿ ಬರೆದಿಲ್ಲ, ಅಲ್ವಾ?" ಎಂದರು. ನಿಜ. ಆ ಮೂವರೂ ಬೇಡಿಕೆಯ ನಿಯಮವನ್ನು ತಲೆಕೆಳಗು ಮಾಡಿದ್ದರು. ನಾನು ಸಿಟ್ಟಿನಿಂದ ಸರಸರನೆ ಗೀಟು ಹಾಕಿಕೊಂಡು ಹೋಗಿದ್ದೆ. ಅನ್ನ ನಡುವೆ ಹಸಿಯಾಗಿಯೇ ಇತ್ತು. ಇನ್ನೊಂದು ದಿನ ಒಬ್ಬ ಹುಡುಗಿಯ ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ಎರಡು ಸಲ ಓದಿದೆ. ಅವತ್ತು ಅವ್ವ ಕೊಳಕೊಳ ಅನ್ನವನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ನಾನು ಅಪ್ಪನ ಹಾಗೆ ನೇಕಾರನಾಗಲಿಲ್ಲ, ಹಟ ಹಿಡಿದು ಓದಿ ಬೇರೆಯವನಾದೆ ಎಂದು ಬೀಗುತ್ತಿದ್ದವನು ಹೊಸ್ತಿಲಲ್ಲಿ ಕೂತು ಮಾಡುತ್ತಿದ್ದದ್ದು ಇದನ್ನು. ಆದರೆ ಆತಂಕದ ಸಂಗತಿ ಬೇರೆಯಿತ್ತು. ಪತ್ರಿಕೆಯಿಂದ ಅನ್ನ ಕೆಡುತ್ತದೆ ಎಂದಾದರೆ, ಅನ್ನದಿಂದ ಪತ್ರಿಕೆ ಕೆಡುವುದಿಲ್ಲವೆಂದು ಹೇಗೆ ಹೇಳುವುದು? ಬೇಳೆ ಹಳೆಯದಾಗಿ ಬೇಯದೇ ಇದ್ದಾಗ ನಾನು ಸುಮ್ಮನೆ ಕಾಯುತ್ತ ಮಾರ್ಜಿನ್ನಿನಲ್ಲಿ ಅರ್ಧ, ಒಂದು ಎಂದು ಅಂಕ ಸೇರಿಸುತ್ತಿದ್ದೆನೇ? ಸೇರಿಸಿದ್ದು ನೆನಪಿಲ್ಲ. ಸೇರಿಸದೇ ಇದ್ದದ್ದೂ ನೆನಪಿಲ್ಲ. ಆ ವರ್ಷ ನನ್ನ ತರಗತಿಯಲ್ಲಿ ತೇರ್ಗಡೆಯಾದವರು ಹೆಚ್ಚು ಎಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಸರೋಜಳ ಫಲಿತಾಂಶ ಬರುವ ಹೊತ್ತಿಗೆ ಅವ್ವನ ಕಣ್ಣಿನ ಮರೆ ತೆಗೆದು ದಪ್ಪ ಕನ್ನಡಕ ಬಂದಿತ್ತು. ಅವಳು ಪಾಸಾಗಿದ್ದಳು, ಸರಿಯಾಗಿ ಗಡಿಯ ಮೇಲೆ, ಒಂದು ಅಂಕ ಆಚೆಗಿಲ್ಲ ಈಚೆಗಿಲ್ಲ. ಅವಳು ಖುಷಿಯಲ್ಲಿ ನಕ್ಕಳು, ಆಮೇಲೆ, ಅಂಕದ ಬಗ್ಗೆ ನಾನು ಹೇಳಿಕೊಂಡಿದ್ದ ಅನುಮಾನ ನೆನೆದು, "ನನ್ನ ಪತ್ರಿಕೆ ತಿದ್ದಿದವರ ಮನೆಯಲ್ಲಿ ಅವತ್ತು ಯಾರು ಅಡುಗೆ ಮಾಡ್ತಿದ್ದರೋ," ಎಂದಳು. ಅವ್ವ, "ಯಾರಾದ್ರೂ ಆಗ್ಲಿ, ಬೇಳೆ ಹಳೇದು ಇರ್ಬೇಕು. ಆ ಮನೆಯೋರು ಚೆನ್ನಾಗಿರ್ಲಿ," ಎಂದು ಹರಸಿದರು.

ಈಗಲೂ ನಮ್ಮ ಮನೆಯಲ್ಲಿ ಭಾನುವಾರದ ಸಾರು ನನ್ನದು. ಸರೋಜ ಇದನ್ನು ನಾನೇ ಇಷ್ಟಪಟ್ಟು ಒಪ್ಪಿಕೊಂಡದ್ದು ಎನ್ನುತ್ತಾಳೆ. ಒಪ್ಪಿಕೊಂಡ ನೆನಪು ನನಗಿಲ್ಲ. ಇದನ್ನು ಬರೆಯುತ್ತಿರುವುದೂ ಅದೇ ಹೊಸ್ತಿಲಲ್ಲಿ ಕೂತು. ಪತ್ರಿಕೆಗಳಿಲ್ಲದ ಕಾಲ, ಏನಾದರೂ ಬರೆಯದಿದ್ದರೆ ಬೇಳೆ ಬೆಂದದ್ದು ತಿಳಿಯುವುದಿಲ್ಲ. ನಡುವೆ ಇದು ಎಲ್ಲೆಲ್ಲೋ ಸುತ್ತಾಡಿದ್ದರೆ ಓದುಗರು ಮನ್ನಿಸಬೇಕು, ಬೇಳೆ ಇನ್ನೂ ಗಟ್ಟಿಯಿತ್ತು. ಈಗ ವಾಸನೆ ಬರುತ್ತಿದೆ. ಈ ಸಲ ಇಳಿಸುತ್ತೇನೆ.