ಲೋಕದಲ್ಲಿಲ್ಲದ ಚಾಪೆ

ವರ್ಗ ಸಮೀಕರಣದ ಸೂತ್ರ ನನಗೆ ನಿದ್ದೆಯಲ್ಲೂ ಬರುತ್ತದೆ. ಹುಬ್ಬಳ್ಳಿಯ ಶಾಲೆಯಲ್ಲಿ ನಮ್ಮ ಮಾಸ್ತರರು ಬೆತ್ತದ ತಾಳಕ್ಕೆ ಬಾಯಿಪಾಠ ಮಾಡಿಸಿದ್ದರು: "ಮೈನಸ್ ಬಿ, ಪ್ಲಸ್ ಆರ್ ಮೈನಸ್, ರೂಟ್ ಆಫ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ, ಹೋಲ್ ಬೈ ಟು ಎ!" ಮೂವತ್ತು ವರ್ಷ ಕಳೆದರೂ ರಾಗ ತಪ್ಪಿಲ್ಲ. ಹಾಗಾಗಿ ಮಲೇಷ್ಯಾದ ಬಯಾನ್ ಲೆಪಾಸ್‌ನ ನಮ್ಮ ಫ್ಲ್ಯಾಟಿನಲ್ಲಿ ಮಗಳು ಸನಾ ಹೋಂವರ್ಕ್ ಹರಡಿಕೊಂಡಾಗ, ಯಾರೂ ಕರೆಯದಿದ್ದರೂ ಹೋಗಿ ಕೂತೆ. ಇದರಲ್ಲಿ ಪೂರ್ಣ ಅಂಕ ಬಂದರೆ ಶಾಲೆಯ ಗಣಿತ ಕ್ವಿಜ್ ತಂಡದಲ್ಲಿ ಅವಳಿಗೆ ಜಾಗವಂತೆ.

ಪ್ರಶ್ನೆ ಒಂದು ಚಾಪೆಯದು. ಅಗಲಕ್ಕಿಂತ ಉದ್ದ ಒಂದು ಮೀಟರ್ ಹೆಚ್ಚು, ವಿಸ್ತೀರ್ಣ ಆರು ಚದರ ಮೀಟರ್, ಅಗಲವೆಷ್ಟು? ಸನಾ ಆಗಲೇ "ಎಕ್ಸ್ ಸ್ಕ್ವೇರ್ ಪ್ಲಸ್ ಎಕ್ಸ್ ಮೈನಸ್ ಆರು ಸಮ ಸೊನ್ನೆ" ಎಂದು ಬರೆದು, ಕೆಳಗೆ ಪೆನ್ಸಿಲಿನಲ್ಲಿ "ಎರಡು ಮೀಟರ್" ಎಂದು ಗೀಚಿದ್ದಳು.

"ಅಳಿಸು! ಸೂತ್ರ ಹಾಕು!" ಎಂದೆ. ಎ ಒಂದು, ಬಿ ಒಂದು, ಸಿ ಆರು. ಒಂದರಲ್ಲಿ ಇಪ್ಪತ್ನಾಲ್ಕು ಕಳೆದರೆ ಮೈನಸ್ ಇಪ್ಪತ್ಮೂರು. ವರ್ಗಮೂಲದೊಳಗೆ ಮೈನಸ್!

"ಅಬ್ಬಾ, ಸಿ ಈಸ್ ಮೈನಸ್ ಸಿಕ್ಸ್ ಲಾ," ಎಂದು ಅಪ್ಪನನ್ನೇ ತಿದ್ದಿದಳು ಸನಾ.

"ಸೂತ್ರದಾಗ ಒಂದು ಮೈನಸ್ ಐತಲ್ಲವಾ, ಮತ್ತೆಷ್ಟು ಹಾಕ್ತಿ?"

ತೀರ್ಪು ಕೊಟ್ಟೆ. ಇಂಥ ಚಾಪೆ ಲೋಕದಲ್ಲೇ ಇಲ್ಲ. ಪ್ರಶ್ನೆಯೇ ತಪ್ಪು!

ಪ್ರಶ್ನೆ ತಪ್ಪಿದ್ದರೆ ಗ್ರೇಸ್ ಮಾರ್ಕ್ಸ್ ಕೇಳುವುದು ನಮ್ಮೂರಿನ ಪದ್ಧತಿ. ಸನಾಳ ಪುಸ್ತಕದಲ್ಲೇ ಟೀಚರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಸದರಿ ಚಾಪೆಯು ಅಸ್ತಿತ್ವದಲ್ಲಿಲ್ಲದ ಕಾರಣ ನನ್ನ ಮಗಳಿಗೆ ಪೂರ್ಣ ಅಂಕಗಳನ್ನು ದಯಪಾಲಿಸಬೇಕಾಗಿ ವಿನಂತಿ. ಸಹಿ ಹಾಕಿ, ಕೆಳಗೆ "ಎಂಜಿನಿಯರ್" ಎಂದೂ ಸೇರಿಸಿದೆ.

"ಹುಡುಗಿ ಹೋಂವರ್ಕಿಗೆ ನಿಮ್ಮ ಡಿಗ್ರಿ ಯಾಕ್ರೀ?" ಎಂದಳು ಹೆಂಡತಿ ಶಬಾನಾ.

"ತೂಕ ಇರಲಿ ಅಂತ!"

ಎರಡು ದಿನಕ್ಕೆ ಪುಸ್ತಕ ಮರಳಿತು, ಕೆಂಪು ಶಾಯಿಯ ಉತ್ತರದೊಂದಿಗೆ. "ಸಿ ಎಂದರೆ ಮೈನಸ್ ಆರು. ಸನಾ ಅಳಿಸಿದ ಉತ್ತರ ಇನ್ನೂ ಮಸುಕಾಗಿ ಕಾಣುತ್ತಿದೆ, ಅದೇ ಸರಿ. ಅವಳಿಗೆ ತಂಡದಲ್ಲಿ ಜಾಗ ಕೊಟ್ಟಿದ್ದೇನೆ. ಅಭ್ಯಾಸದ ಹೊತ್ತಿನಲ್ಲಿ ದಯವಿಟ್ಟು ಎಂಜಿನಿಯರರನ್ನು ದೂರವಿಡಿ."

ಶುಕ್ರವಾರ ಮಧ್ಯಾಹ್ನ ಗೆಳೆಯರು ಊಟಕ್ಕೆ ಬಂದರು. ನೆಲದ ಮೇಲೆ ಕೂತು ಉಣ್ಣುವುದು ನಮ್ಮ ರೂಢಿ. ಶಬಾನಾ ಹೊಸ ಚಾಪೆ ಬಿಚ್ಚಿ ಹಾಸಿದಳು. ಸನಾ ಸುಮ್ಮನಿರಬೇಕಲ್ಲ, ಟೇಪ್ ತಂದು ಅಳೆದಳು. ಅಗಲ ಎರಡು, ಉದ್ದ ಮೂರು!

ಎಲ್ಲರೂ ಕೂತರು. ನಾನೂ ಕಾಲು ಮಡಿಸಿದೆ.

"ನೀವ್ ಎಲ್ಲಿ ಕುಂದರ್ತೀರಿ? ಇಂಥ ಚಾಪೀನ ಇಲ್ಲಂತ ಸಹಿ ಮಾಡಿ ಕೊಟ್ಟೀರಲ್ಲ!" ಎಂದಳು ಶಬಾನಾ.

ಬಿರಿಯಾನಿ ಬಿಸಿಯಾಗಿತ್ತು. ಟೈಲ್ಸ್ ಮಾತ್ರ ಬಹಳ ತಣ್ಣಗಿತ್ತು.