ಎಂಟರ ಬೂಟಿಗೆ ಒಂಬತ್ತರ ಪಾದ

"ಈ ಸಲ ನಾನು ಒಳಗೆ ಕಾಲಿಟ್ಟ ಕೂಡಲೇ ಅವರೆಲ್ಲ ಕುರ್ಚಿ ಬಿಟ್ಟು ಎದ್ದು ನಿಲ್ಲಬೇಕು, ಹಾಗೆ ಹೋಗ್ತೀನಿ ನೋಡು!" ಎಂದು ನಾನು ನಡುಮನೆಯಲ್ಲಿ ನಿಂತು ಘೋಷಿಸಿದೆ.

"ಅವರು ಎದ್ದು ನಿಂತರೆ ಸಂದರ್ಶನ ಮಾಡೋರು ಯಾರು? ಕೈ ಮೇಲೆತ್ತಿ," ಎಂದಳು ಹೆಂಡತಿ, ತುಟಿಯ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ.

ಕೈ ಎತ್ತಿದೆ. ನನ್ನಾಕೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವವಳು. ನನ್ನ ಹಳೆಯ ನೀಲಿ ಸೂಟನ್ನು ಅಕ್ಕಪಕ್ಕ ಬಿಚ್ಚಿ, ವರ್ಷಗಳಿಂದ ನಾನು ನಿಧಾನವಾಗಿ ಸಂಪಾದಿಸಿದ ಹೊಟ್ಟೆಗೆ ಒಳಗೆ ಜಾಗ ಮಾಡಿಕೊಡುತ್ತಿದ್ದಳು.

ನಾನು ಹತ್ತೊಂಬತ್ತು ವರ್ಷ ಒಂದು ಬಟ್ಟೆ ಗಿರಣಿಯ ರಿಪೇರಿ ವಿಭಾಗದಲ್ಲಿದ್ದವನು. ಎಲ್ಲಿ ಪೈಪು ಒಡೆದರೂ, ಎಲ್ಲಿ ನಲ್ಲಿ ಸೋರಿದರೂ ನನಗೇ ಕರೆ. ಗೋಡೆಗೆ ಕಿವಿಯಿಟ್ಟು ಒಳಗಿನ ನೀರಿನ ದಾರಿ ಹೇಳುತ್ತಿದ್ದೆ! ಗಿರಣಿಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದೆ. ಎರಡೂ ಕಡೆ ಅವರು ನನ್ನ ಅರ್ಜಿ ನೋಡಿದರು, ಮುಖ ನೋಡಿದರು, ಕೊನೆಗೆ ನನ್ನ ಚಪ್ಪಲಿ ನೋಡಿದರು. "ತಿಳಿಸ್ತೀವಿ" ಎಂದರು. ಇಂದಿನವರೆಗೂ ತಿಳಿಸಿಲ್ಲ. ಹೀಗಾಗಿ ನನ್ನ ಭವಿಷ್ಯಕ್ಕೆ ಅಡ್ಡಗಾಲು ಹಾಕುತ್ತಿರುವುದು ನನ್ನ ಕಾಲೇ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ.

ಮೂರನೆಯ ಕರೆ ಒಂದು ಹತ್ತು ಮಹಡಿಯ ಕಚೇರಿ ಕಟ್ಟಡದಿಂದ ಬಂದಿತ್ತು. ಕಟ್ಟಡದ ನಿರ್ವಹಣಾಧಿಕಾರಿಯ ಕೆಲಸ. ನೀರು, ಕರೆಂಟು, ಲಿಫ್ಟು ಎಲ್ಲಕ್ಕೂ ಅವನೇ ದಿಕ್ಕು.

"ಅಪ್ಪಾ, ನೀಲಿ ಸೂಟಿಗೆ ಕಪ್ಪು ಶೂ ಹಾಕ್ಕೋ. ಲೇಸ್ ಇರ್ಬೇಕು. ತುದಿ ಚೂಪಾಗಿರ್ಬಾರ್ದು," ಎಂದಳು ಕಾಲೇಜಿಗೆ ಹೋಗುವ ಮಗಳು, ಫೋನಿನಿಂದ ಕಣ್ಣು ಕೀಳದೆ. ಜಗತ್ತಿನ ಸಕಲ ವಿದ್ಯೆಯೂ ಆ ಫೋನಿನಲ್ಲಿದೆ, ಅವಳ ಪಠ್ಯಪುಸ್ತಕದ್ದೊಂದು ಬಿಟ್ಟು.

"ಬಣ್ಣ ಏನಾದ್ರೂ ಇರ್ಲಿ. ಕಾಲಿನ ಅಳತೆ ಸರಿ ನೋಡ್ಕೊಂಡು ತಗೊಳ್ಳಿ," ಎಂದಳು ಹೆಂಡತಿ.

"ನನ್ನ ಕಾಲಿನ ಅಳತೆ ನನಗೆ ಗೊತ್ತಿಲ್ವೇನೇ?"

"ಸೊಂಟದ ಅಳತೇನೂ ಗೊತ್ತಿದೆ ಅಂದಿದ್ರಿ. ಉಸಿರು ಬಿಡಿ ನೋಡೋಣ."

ಉಸಿರು ಬಿಟ್ಟೆ. ಒಂದು ಗುಂಡುಸೂಜಿ ಚುಚ್ಚಿತು.

ಅಂಗಡಿಯಲ್ಲಿ ಮಾರಾಟಗಾರ ನನ್ನನ್ನು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿ, ತಾನು ಕೆಳಗೆ ಮೊಣಕಾಲೂರಿ ಕುಳಿತ. ನಾಲ್ಕು ತಿಂಗಳಿಂದ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ನನ್ನ ಬುದ್ಧಿ ಅಲ್ಲೇ ಅರ್ಧ ಮಂಕಾಯಿತು. ಮೊದಲು ತಂದ ಜೋಡಿ ಶಾಲಾ ಮಾಸ್ತರರ ಬೂಟಿನಂತಿತ್ತು. ಎರಡನೆಯದು ಕಂದು, ಸುಟ್ಟ ಬ್ರೆಡ್ಡಿನ ಬಣ್ಣ. ಮೂರನೆಯದನ್ನು ಹಾಕಿ ನಡೆದರೆ ಹಿಂದೆ ಇಲಿಮರಿ ಬರುತ್ತಿರುವ ಹಾಗೆ ಕೀಚ್ ಕೀಚ್! ನಾಲ್ಕನೆಯದು ಬಂತು ನೋಡಿ. ಕಪ್ಪೆಂದರೆ ಕಪ್ಪು. ದೋಣಿಯ ಮೂತಿಯಂಥ ಚೂಪು ತುದಿ. ಬಗ್ಗಿ ನೋಡಿದರೆ ನನ್ನ ಮುಖವೇ ಕಾಣಿಸುವಂಥ ಹೊಳಪು!

"ಇದೇ ಇರಲಿ. ಒಂಬತ್ತು ಕೊಡಿ."

"ಇದರಲ್ಲಿ ಎಂಟೇ ಉಳಿದಿರೋದು ಸಾರ್." ಅವನು ನನ್ನ ಪಾದವನ್ನು ಕೈಯಲ್ಲಿ ಹಿಡಿದು ಶಿಲ್ಪಿಯ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. "ನಿಮಗೆ ಒಂಬತ್ತಾ? ನೋಡಿದ್ರೆ ಅಷ್ಟು ಅನ್ಸೋದೇ ಇಲ್ಲ ಸಾರ್!"

ವಯಸ್ಸು ಹತ್ತು ವರ್ಷ ಕಡಿಮೆ ಹೇಳಿದರೆ ಆಗುವಷ್ಟೇ ಆನಂದ ನನಗೆ ಪಾದದ ವಿಷಯದಲ್ಲೂ ಆಯಿತು. ಅವನು ತಗಡಿನ ಪಟ್ಟಿಯೊಂದನ್ನು ಹಿಮ್ಮಡಿಯ ಹಿಂದೆ ತೂರಿಸಿ, ತುಂಬಿದ ಪೆಟ್ಟಿಗೆಗೆ ಇನ್ನೊಂದು ಕಂಬಳಿ ತುರುಕುವವನ ಹಾಗೆ ನನ್ನ ಪಾದವನ್ನು ಒಳಗೆ ತಳ್ಳಿದ.

"ಸ್ವಲ್ಪ ಬಿಗಿ ಅಲ್ವಾ?" ಎಂದೆ, ಕಣ್ಣಲ್ಲಿ ನೀರು ತುಂಬಿಕೊಂಡು.

"ಅಪ್ಪಟ ಚರ್ಮ ಸಾರ್. ನಿಧಾನಕ್ಕೆ ಬಿಟ್ಕೊಡುತ್ತೆ. ನೀವು ಮಾತ್ರ ಬಿಟ್ಕೊಡಬಾರದು!"

ನಾನು ಬಿಟ್ಟುಕೊಡಲಿಲ್ಲ. ಹೊಸ ಶೂ ಧರಿಸಿಯೇ ಮನೆಗೆ ನಡೆದೆ. ಮೊದಲ ತಿರುವಿನಲ್ಲಿ ಕಿರುಬೆರಳು ಕಾಣೆಯಾಯಿತು. ಎರಡನೆಯ ತಿರುವಿನ ಹೊತ್ತಿಗೆ ಐದೂ ಬೆರಳು ಒಂದಾಗಿದ್ದವು. ನಮ್ಮ ಗೇಟು ತಲುಪುವಷ್ಟರಲ್ಲಿ ಅದು ಪಾದರಕ್ಷೆಯಲ್ಲ, ಪಾದಶಿಕ್ಷೆ ಎಂದು ಖಾತ್ರಿಯಾಗಿತ್ತು. ಹಿಂದಿರುಗಿಸೋಣವೆಂದರೆ ಅಡಿಯೆಲ್ಲ ರಸ್ತೆಗೆ ಉಜ್ಜಿ ಗೀರು ಗೀರಾಗಿತ್ತು.

ಹೆಂಡತಿ ಬಾಗಿಲು ತೆರೆದಳು. "ಏನ್ರೀ ಇದು, ಹೀಗೆ ನಡೀತಿದ್ದೀರಿ?"

"ಗತ್ತು ಕಣೇ."

"ಗತ್ತಾ? ಕೆಂಡದ ಮೇಲೆ ಕಾಲಿಟ್ಟೋರ ಹಾಗಿದೆ. ಎಷ್ಟು ನಂಬರು ತಂದ್ರಿ?"

"ಎಂಟು... ಆದ್ರೆ ಚರ್ಮ ಬಿಟ್ಕೊಡುತ್ತಂತೆ."

"ಯಾರ ಚರ್ಮ?"

ಮರುದಿನ ಬೆಳಗ್ಗೆ ಹತ್ತಕ್ಕೆ ಸಂದರ್ಶನ. ಶೂ ಹಿಗ್ಗಿಸಲು ಉಳಿದದ್ದು ಒಂದು ಸಂಜೆ. ಮಗಳು ಫೋನಿನಲ್ಲಿ ಉಪಾಯ ಹುಡುಕಿದಳು. ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ನೀರು ತುಂಬಿ ಶೂ ಒಳಗಿಟ್ಟು ಫ್ರೀಜರಿನಲ್ಲಿ ಇಡಬೇಕು. ನೀರು ಐಸಾಗುತ್ತ ಹಿಗ್ಗುತ್ತದೆ, ಜೊತೆಗೆ ಶೂ ಕೂಡ ಹಿಗ್ಗುತ್ತದೆ.

"ಅರ್ಧಾನೇ ತುಂಬ್ಸಪ್ಪಾ," ಎಂದಳು.

"ನೀನು ನನಗೆ ಹೇಳ್ಕೊಡ್ತೀಯಾ? ಐಸು ಹಿಗ್ಗಿ ಕಬ್ಬಿಣದ ಪೈಪೇ ಸೀಳಿದ್ದನ್ನ ನೋಡಿರೋನು ನಾನು!"

ಸೀಳಿದ್ದನ್ನು ನೋಡಿದ್ದವನು ಹುಷಾರಾಗಬೇಕಿತ್ತು. ಬದಲಿಗೆ ಹುಮ್ಮಸ್ಸು ಬಂದು, ಎರಡೂ ಚೀಲಕ್ಕೆ ಕಂಠಮಟ್ಟ ನೀರು ತುಂಬಿದೆ. ಬಟಾಣಿ ಪೊಟ್ಟಣವನ್ನು ಬದಿಗೆ ಸರಿಸಿ ಶೂಗಳನ್ನು ಫ್ರೀಜರಿನಲ್ಲಿ ಮಲಗಿಸಿದೆ. ಅರ್ಧ ಗಂಟೆಯಲ್ಲಿ ಅಡುಗೆಮನೆಯಿಂದ ಒಂದು ಚೀತ್ಕಾರ ಕೇಳಿಬಂತು.

"ರೀ! ಬಟಾಣಿ ಪಕ್ಕದಲ್ಲಿ ಬೂಟು!"

"ಹೊಸದು ಕಣೇ, ಶುದ್ಧವಾಗಿದೆ!"

"ಇಡೀ ಬೀದಿ ಸುತ್ತಿ ಬಂದಿದ್ದು ಶುದ್ಧವೇ? ನಾಳೆ ನಿಮ್ಮ ಚಡ್ಡೀನ ಬೆಣ್ಣೆ ಪಕ್ಕ ಇಡ್ತೀರಿ!"

ಕೊನೆಗೆ ಎರಡು ಪದರ ಕಾಗದ ಸುತ್ತುವ ಕರಾರಿನ ಮೇಲೆ ಶೂಗಳಿಗೆ ಒಂದು ರಾತ್ರಿಯ ಆಶ್ರಯ ಸಿಕ್ಕಿತು.

ಬೆಳಗ್ಗೆ ತೆಗೆದಾಗ ಅವು ಎರಡು ಕರಿಕಲ್ಲಾಗಿದ್ದವು. ಬಲಗಾಲಿನದರಿಂದ ಚೀಲ ಹೇಗೋ ಜಾರಿ ಬಂತು. ಎಡಗಾಲಿನದು ಜಪ್ಪಯ್ಯ ಎಂದರೂ ಬರಲಿಲ್ಲ. ನಾನು ಎಳೆದೆ, ಮಗಳು ಎಳೆದಳು, ಅವಳನ್ನು ಹಿಡಿದು ಹೆಂಡತಿ ಎಳೆದಳು. ಪರ್ ಎಂದು ಚೀಲ ಹರಿಯಿತು. ಹಿಂಭಾಗದ ಐಸು ಕೈಗೆ ಬಂತು. ಚೂಪು ತುದಿಯೊಳಗೆ ಕೋಳಿಮೊಟ್ಟೆಯಷ್ಟು ದೊಡ್ಡ ಗಡ್ಡೆ ಅಲ್ಲೇ ಬೇರೂರಿ ಕೂತಿತು. ಬಡಿದರೂ ಬರದು, ಚುಚ್ಚಿದರೂ ಬರದು. ಗಡಿಯಾರ ಒಂಬತ್ತು ತೋರಿಸುತ್ತಿತ್ತು.

ಧೈರ್ಯ ಮಾಡಿ ಕಾಲು ತೂರಿಸಿದೆ. ಆಹಾ! ಸಲೀಸಾಗಿ ಹೋಯಿತು! ಶೂ ನಿಜಕ್ಕೂ ಹಿಗ್ಗಿತ್ತು. ತುದಿ ಅಷ್ಟು ಉದ್ದವಿದ್ದದ್ದರಿಂದ ನನ್ನ ಬೆರಳು ಗಡ್ಡೆಯನ್ನು ಸುಮ್ಮನೆ ಸವರಿ ನಿಂತಿತು.

"ಚಪ್ಪಲಿ ಹಾಕ್ಕೊಂಡು ಹೋಗ್ರೀ," ಎಂದಳು ಹೆಂಡತಿ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಕೆಲಸ ಗೊತ್ತಿರೋರು ನೀವು. ಕಾಲು ನೋಡಿ ಬೇಡ ಅನ್ನೋರಾದ್ರೆ ಅನ್ನಲಿ ಬಿಡಿ."

"ಸೂಟಿಗೆ ಚಪ್ಪಲಿಯೇ! ಐಸು ಅದರ ಪಾಡಿಗೆ ಅದಿರಲಿ, ನನ್ನ ಪಾಡಿಗೆ ನಾನಿರ್ತೀನಿ," ಎಂದು ಬಸ್ಸಿಗೆ ಓಡಿದೆ.

ಸಂದರ್ಶನವೆಂದರೆ ಎಲ್ಲರಿಗೂ ಕೈಕಾಲು ತಣ್ಣಗಾಗುತ್ತದಂತೆ. ನನಗೆ ಕೈ ಎರಡೂ ಬೆಚ್ಚಗಿದ್ದವು, ಬಲಗಾಲೂ ಬೆಚ್ಚಗಿತ್ತು. ಎಡಗಾಲು ಮಾತ್ರ ಉಳಿದವುಗಳ ಪಾಲನ್ನೂ ಸೇರಿಸಿ ತಣ್ಣಗಾಗಿತ್ತು. ಬಸ್ಸಿಳಿಯುವಾಗ ಅದು ನನ್ನದೇ ಕಾಲೋ ಪಕ್ಕದವರದೋ ತಿಳಿಯದೆ ಬಗ್ಗಿ ನೋಡಿಕೊಂಡೆ. ಕಾಯುವ ಕೋಣೆಯಲ್ಲಿ ಏಸಿ ಬೇರೆ. ನನ್ನ ಗಡ್ಡೆಗೆ ತವರುಮನೆಗೆ ಬಂದಂತಾಗಿರಬೇಕು, ಕರಗುವ ಲಕ್ಷಣವನ್ನೇ ತೋರಿಸದೆ ಹಾಯಾಗಿ ಕುಳಿತಿತ್ತು.

ಒಳಗೆ ಮೂವರಿದ್ದರು. ನಡುವೆ ಬೆಳ್ಳಿಕೂದಲಿನ ಮೇಡಂ, ಕಟ್ಟಡದ ಮುಖ್ಯಸ್ಥೆ. ಒಂದು ಬದಿಗೆ ಬೋಳುತಲೆಯ ಹಣಕಾಸಿನವರು, ಇನ್ನೊಂದು ಬದಿಗೆ ಎಲ್ಲವನ್ನೂ ಬರೆದುಕೊಳ್ಳುವ ಒಬ್ಬ ಯುವತಿ. ಕಿಟಕಿಯಿಂದ ಬಿಸಿಲು ನೇರವಾಗಿ ನನ್ನ ಕಾಲ ಮೇಲೆ ಬೀಳುತ್ತಿತ್ತು. ಮೊದಲ ಎರಡು ಪ್ರಶ್ನೆಗೆ ನಾನು ಪಟಪಟನೆ ಉತ್ತರಿಸಿದೆ. ಮೂರನೆಯದಕ್ಕೆ ಬಾಯಿ ತೆರೆಯುವಾಗ ಎಡ ಪಾದದ ಬಳಿ ಏನೋ ಹರಿದಾಡಿದಂತಾಯಿತು. ರಾತ್ರಿಯಿಡೀ ಹಿಗ್ಗಿದ ಐಸು ಶೂವಿನ ಅಡಿಯ ಸೋಲಿನ ಹೊಲಿಗೆಯನ್ನು ಒಂದಷ್ಟು ಸಡಿಲಿಸಿತ್ತು. ಶೂವಿನ ಸೋಲು ನನ್ನ ಸೋಲಾಗಲು ಹೊರಟಿತ್ತು! ಸಣ್ಣ ತೊರೆಯೊಂದು ಬಿಳಿ ನೆಲದ ಮೇಲೆ ಮೇಜಿನಡಿಗೆ, ನೇರವಾಗಿ ಮೇಡಂ ಕಡೆಗೆ ಪ್ರಯಾಣ ಬೆಳೆಸಿತು.

ಮೇಡಂ ಕಾಲು ಸರಿಸಿದರು. ಬಗ್ಗಿ ನೋಡಿದರು.

"ನೀರು! ಮತ್ತೆ ಸೋರ್ತಾ ಇದೆ!"

"ಏಸಿನೇ ಇರ್ಬೇಕು," ಎಂದರು ಬೋಳುತಲೆಯವರು. "ಹಿಂದಿನ ಅಧಿಕಾರಿ ಆರು ತಿಂಗಳಾದ್ರೂ ಸೋರಿಕೆ ಎಲ್ಲಿ ಅಂತ ಪತ್ತೆ ಮಾಡಲಿಲ್ಲ." ತಕ್ಷಣ ಫೋನೆತ್ತಿ ಮೆಕ್ಯಾನಿಕ್ಕನ್ನು ಕರೆದರು.

ಮೇಡಂ ನನ್ನ ಕಡೆ ತಿರುಗಿದರು. ಅವರ ಕಣ್ಣು ಹೊಳೆಯಿತು. "ಒಳ್ಳೇದೇ ಆಯ್ತು. ಹತ್ತೊಂಬತ್ತು ವರ್ಷದ ಅನುಭವ ಅಂದ್ರಲ್ಲ? ಹೇಳಿ ನೋಡೋಣ, ಇದು ಎಲ್ಲಿಂದ ಸೋರ್ತಿದೆ?"

ನನ್ನ ಇಡೀ ಜೀವನದಲ್ಲಿ ಇಷ್ಟು ಸುಲಭವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಷ್ಟು ಕಷ್ಟವಾದ ಉತ್ತರವೂ ಇರಲಿಲ್ಲ!

"ನೀರಿನ ಸ್ವಭಾವವೇ ಹಾಗೆ ಮೇಡಂ," ಎಂದು ಶುರುಮಾಡಿದೆ. "ಕಾಣಿಸೋದು ಒಂದು ಕಡೆ, ಹುಟ್ಟೋದು ಇನ್ನೊಂದು ಕಡೆ..." ಅಷ್ಟರಲ್ಲಿ ದಪ್ಪ ಮೀಸೆಯ ಮೆಕ್ಯಾನಿಕ್ಕು ಏಣಿ ಹೊತ್ತು ಬಂದೇಬಿಟ್ಟ. ಹತ್ತಿ, ಛಾವಣಿಯ ಒಂದು ಹಲಗೆ ಕಿತ್ತ. ಮಣ್ಣು ಬೋಳುತಲೆಯ ಮೇಲೆ ಉದುರಿತು.

"ಇಲ್ಲೆಲ್ಲ ಒಣಗಿದೆ ಸಾರ್."

"ಪಕ್ಕದ್ದೂ ತೆಗಿ. ಅಲ್ಲೂ ಸಿಗದಿದ್ರೆ ಗೋಡೆ ಒಡೆಸೋಣ," ಎಂದರು ಅವರು, ತಲೆ ಒರೆಸಿಕೊಳ್ಳುತ್ತ.

ಏಸಿಯ ಮೇಲೆ ಗೂಬೆ ಕೂರಿಸಿ ಪಾರಾಗಬಹುದಿತ್ತು. ಪಾಪ, ಅದು ಎದುರು ಮಾತಾಡುತ್ತಿರಲಿಲ್ಲ. ಮೇಡಂ ಕೂಡ ತಲೆಯಾಡಿಸಿ ಕಾಯುತ್ತಿದ್ದರು, ಕೆಲಸ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ಸುಖಾಸುಮ್ಮನೆ ಗೋಡೆ ಒಡೆಯುವುದನ್ನು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಅಂಥದ್ದನ್ನು ತಪ್ಪಿಸುವುದರಲ್ಲೇ ಹತ್ತೊಂಬತ್ತು ವರ್ಷ ಕಳೆದವನು ನಾನು.

"ಗೋಡೆ ಮುಟ್ಬೇಡಿ!" ಎಂದು ಎದ್ದು ನಿಂತೆ. "ಸೋರ್ತಿರೋದು ಛಾವಣಿ ಅಲ್ಲ ಮೇಡಂ, ನಾನು!"

ಯುವತಿಯ ಪೆನ್ನು ನಿಂತಿತು. ಬೋಳುತಲೆಯವರು ನನ್ನ ಪ್ಯಾಂಟಿನ ಕಡೆ ನೋಡಿ, ಮರ್ಯಾದೆಗೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಮೇಡಂ ಬಹಳ ಮೃದುವಾಗಿ, "ಪರ್ವಾಗಿಲ್ಲ... ಬಚ್ಚಲು ಬಲಗಡೆ ಇದೆ," ಎಂದರು.

"ಅಯ್ಯೋ, ಹಾಗಲ್ಲ!" ಎಂದು ಕೂಗಿ, ಒಂಟಿಕಾಲಲ್ಲಿ ನಿಂತು ಎಡ ಶೂ ಕಿತ್ತು ತಲೆಕೆಳಗು ಮಾಡಿದೆ. ಮೊದಲು ಒಂದು ಗುಟುಕು ನೀರು ಬಿತ್ತು. ಆಮೇಲೆ ಟಣ್ ಎಂದು, ಅಡಿಕೆಯಷ್ಟಾಗಿ ಸವೆದಿದ್ದ ಐಸಿನ ಗಡ್ಡೆ ನೆಲಕ್ಕೆ ಬಿದ್ದು, ಜಾರುತ್ತ ಹೋಗಿ ಏಣಿಯ ಬುಡಕ್ಕೆ ತಾಗಿ ನಿಂತಿತು.

"ಇದೇನಿದು?" ಎಂದರು ಮೇಡಂ.

ಇನ್ನು ಮುಚ್ಚಿಡಲು ಏನಿತ್ತು? ಎಂಟನೆ ನಂಬರು, ಫ್ರೀಜರು, ಬಟಾಣಿ, ಎಲ್ಲ ಹೇಳಿದೆ. ಏಣಿಯ ಮೇಲಿದ್ದ ಮೆಕ್ಯಾನಿಕ್ಕು ಮೊದಲು ನಕ್ಕ. ಆಮೇಲೆ ಯುವತಿ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ಮುಗಿಸಿ, "ಇನ್ನೊಂದನ್ನೂ ಬಿಚ್ಚಿಟ್ಟು ಕೂತ್ಕೊಳ್ಳಿ, ಶೀತ ಆದೀತು," ಎಂದರು. ಬರಿಗಾಲಲ್ಲಿ ಕೂತು ಅರ್ಧ ಗಂಟೆ ಪೈಪು, ಪಂಪು, ಲಿಫ್ಟಿನ ಬಗ್ಗೆ ಮಾತಾಡಿದೆ. ಕಾಲು ಬಿಡುಗಡೆಯಾದ ಮೇಲೆ ನಾಲಿಗೆಯೂ ಬಿಡುಗಡೆಯಾಗಿತ್ತು! ಆರು ತಿಂಗಳ ಹಳೆಯ ಸೋರಿಕೆ ಎಲ್ಲಿರಬಹುದು ಎಂದೂ ಊಹಿಸಿ ಹೇಳಿದೆ.

ಮನೆಗೆ ಬಂದು ವರದಿ ಒಪ್ಪಿಸಿದಾಗ ಹೆಂಡತಿ ನಗು ತಡೆಯಲಾರದೆ ಹೊಲಿಗೆ ಯಂತ್ರದ ಮೇಲೆ ಒರಗಿಬಿಟ್ಟಳು. ಬಿಸಿನೀರು ಕಾಯಿಸಿ ಬೋಗುಣಿಗೆ ಹಾಕಿ, ನನ್ನ ಎಡಗಾಲನ್ನು ತಾನೇ ಹಿಡಿದು ಅದರಲ್ಲಿ ಇಟ್ಟಳು. "ಹೋಗಲಿ ಬಿಡಿ. ಸುಳ್ಳು ಹೇಳಿ ಬರಲಿಲ್ಲವಲ್ಲ," ಎಂದಳು.

ಮೂರನೆಯ ದಿನ ಮೇಡಂ ಫೋನು ಬಂತು. ನಾನು ಊಹಿಸಿದ ಜಾಗದಲ್ಲೇ ಹಳೆಯ ಸೋರಿಕೆ ಸಿಕ್ಕಿತ್ತಂತೆ. ಸೋಮವಾರದಿಂದ ಕೆಲಸಕ್ಕೆ ಬರಬೇಕಂತೆ!

ಸೋಮವಾರ ಹೊಸ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಮೇಜು, ಫೋನು, ಬಾಗಿಲ ಮೇಲೆ ಹುದ್ದೆಯ ಫಲಕ. ಹತ್ತು ಮಹಡಿಗೆ ಒಡೆಯ! ಹತ್ತು ನಿಮಿಷದಲ್ಲಿ ಮೊದಲ ಕರೆ ಬಂತು. ಗಂಟಲು ಸರಿಮಾಡಿಕೊಂಡು, ಅಧಿಕಾರವಾಣಿಯಲ್ಲಿ, "ನಿರ್ವಹಣಾಧಿಕಾರಿ ಮಾತಾಡ್ತಿರೋದು. ಹೇಳಿ," ಎಂದೆ.

"ಸಾರ್, ನಾಲ್ಕನೇ ಮಹಡಿಯಿಂದ ಮಾತಾಡ್ತಿದೀನಿ. ಇಲ್ಲಿ ನೆಲದ ಮೇಲೆ ನೀರು ನಿಂತಿದೆ," ಎಂದಿತು ಒಂದು ಹೆಣ್ಣುದನಿ. "ಮೆಕ್ಯಾನಿಕ್ಕನ್ನ ಕರೆಯೋಕೆ ಮುಂಚೆ ಒಂದು ಮಾತು ಕೇಳೋಣ ಅಂತ... ಬೆಳಗ್ಗೆ ತಾವೇನಾದ್ರೂ ಈ ಕಡೆ ಬಂದಿದ್ರಾ ಸಾರ್?"