ಬೀಗರೆದುರು ಮಡಚಿದ ಕಾಲು

ನನ್ನ ಬಲತೊಡೆಯ ಸಂದಿನಲ್ಲಿ ಇತ್ತೀಚಿನವರೆಗೂ ವಾಸವಾಗಿದ್ದ ಮಾನ್ಯ ಗಂಟಿನವರ ಸನ್ನಿಧಿಗೆ, ಲಕ್ಷ್ಮೇಶ್ವರದ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಖಾಸಿಂಸಾಬನು, ಕಾಲು ಮಡಚಲು ಇನ್ನೂ ಅನುಮತಿ ಸಿಗದ ಕಾರಣ ಕಾಲು ಚಾಚಿಕೊಂಡೇ ಅರ್ಪಿಸುವ ಸಲಾಮುಗಳು.

ಮಾನ್ಯರೇ,

ತಾವು ಈಗ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ತಾವಿದ್ದಾಗ ತಮ್ಮ ವಿಷಯ ಎತ್ತಲು ನನಗೆ ಬಾಯಿಯೇ ಬರಲಿಲ್ಲ. ತಾವು ಆರಿಸಿಕೊಂಡ ಜಾಗ ಅಂಥದ್ದು. ಮೊಣಕೈಯಲ್ಲೋ ಹೆಗಲಲ್ಲೋ ಬಂದಿದ್ದರೆ ಗಿರಾಕಿಗಳಿಗೆಲ್ಲ ತಮ್ಮನ್ನು ತೋರಿಸಿ, ಒಬ್ಬೊಬ್ಬರಿಂದ ಒಂದೊಂದು ಔಷಧ ಹೇಳಿಸಿಕೊಂಡು ಧನ್ಯನಾಗುತ್ತಿದ್ದೆ.

ಎದೆನೋವೆಂದು ಗದಗಿನ ಆಸ್ಪತ್ರೆಗೆ ಹೋದಾಗ ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ ನನ್ನ ಹೃದಯವನ್ನು ನೋಡಿ, ಅದು ನಿರ್ದೋಷಿಯೆಂದೂ, ನಾನು ಸಂಜೆ ಸಂಜೆ ತಿನ್ನುವ ಮಿರ್ಚಿಭಜಿಯೇ ಅಪರಾಧಿಯೆಂದೂ ತೀರ್ಮಾನಿಸಿದರು. ಕಳಿಸುವಾಗ, ನಾಳದ ತೂತು ತಾನಾಗಿ ಕೂಡಿಕೊಳ್ಳಬೇಕು, ಕೆಲವು ದಿನ ಈ ಕಾಲು ಮಡಚಬೇಡಿ ಎಂದರು. ನಾನು ಎರಡೂ ಕೈ ಜೋಡಿಸಿ ಒಪ್ಪಿಕೊಂಡೆ. ಮನೆ ಸೇರಿದ ಸಂಜೆಯೇ ಮುಂಡರಗಿಯಿಂದ ನಮ್ಮ ಬೀಗರು, ಅಂದರೆ ಮಗಳು ಮೆಹನಾಜಳ ಮಾವ ನಿಜಾಮುದ್ದೀನ ಸಾಹೇಬರು, ಮಾತಾಡಿಸಲು ಬಂದರು.

ಬೀಗರ ಕಡೆ ಕಾಲು ಚಾಚಿ ಮಲಗುವುದೇ? ಗಾದಿಯ ಮೇಲೆ ಕುಳಿತು ಗಿರಾಕಿಗಳಿಗೆ ಅಂಗಾಲು ಕಾಣಿಸದ ಹಾಗೆ ಬಟ್ಟೆ ಹರವಿ ಹರವಿ ಮುದುಕನಾದವನು ನಾನು. ಎದ್ದು, ಎರಡೂ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಅವರು ಹೊರಡುತ್ತೇನೆಂದಾಗ ನಿಂತೆ, ಇನ್ನೊಂದು ಕಪ್ ಚಹಾಕ್ಕೆ ಅವರು ಕುಳಿತಾಗ ನಾನೂ ಕುಳಿತೆ, ಮತ್ತೆ ನಿಂತೆ. ತೂತು ಕೂಡಿಕೊಳ್ಳಲಿಲ್ಲ, ನಾಳದಿಂದ ಸೋರಿದ ರಕ್ತ ಪಕ್ಕದಲ್ಲೇ ಒಂದು ಚೀಲ ಕಟ್ಟಿಕೊಂಡಿತು. ತಾವು ಹುಟ್ಟಿದ್ದು ಹೀಗೆ, ನನ್ನ ಸಭ್ಯತೆಯ ಹೊಟ್ಟೆಯಲ್ಲಿ. ಡಾಕ್ಟರರು ತಮ್ಮನ್ನು ‘ಹುಸಿ ಗಂಟು’ ಎನ್ನುತ್ತಾರೆ. ಮನೆಗೆ ಬಂದವರನ್ನು ಹಾಗೆಲ್ಲ ಅನ್ನುವುದು ನನಗೆ ಸರಿಕಾಣಲಿಲ್ಲ.

ಸೊಂಟ ಹಿಡಿದಿದೆ ಎಂದು ಊರಿಗೆಲ್ಲ ಸುಳ್ಳು ಹೇಳಿ ತಮ್ಮನ್ನು ಬಚ್ಚಿಟ್ಟುಕೊಂಡೆ. ತಾವು ಮಾತ್ರ ಸುಮ್ಮನಿರುವ ಜಾತಿಯವರಲ್ಲ, ನಾಡಿಯ ಜೊತೆ ಡಬಡಬ ಎಂದು ಬಡಿಯುತ್ತಲೇ ಇದ್ದಿರಿ. ಒಂದು ಮುಂಜಾನೆ ತಮ್ಮ ಮೇಲೆ ವರ್ತಮಾನಪತ್ರಿಕೆ ಹೊದಿಸಿಕೊಂಡು ಕುಳಿತಿದ್ದಾಗ ನನ್ನ ಹೆಂಡತಿ ಮಾಸುಮಬಿ ಬಾಗಿಲಲ್ಲಿ ನಿಂತು, “ಫ್ಯಾನ್ ಬಂದ್ ಐತಿ. ಪೇಪರ್ ಯಾಕ ಕುಣಿಯಾಕತ್ತೈತ್ರಿ?” ಎಂದು ಕೇಳಿದಳು. ಪೇಪರನ್ನು ತಾನೇ ಎತ್ತಿ ನೋಡಿದಳು. ಮಧ್ಯಾಹ್ನದೊಳಗೆ ನನ್ನನ್ನು ಗದಗಿಗೆ ಎಳೆದೊಯ್ದಳು.

ಅಲ್ಲಿ ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲೆ ತಮ್ಮನ್ನು ಮೊದಲ ಸಲ ಕಣ್ತುಂಬ ಕಂಡೆ. ಕೆಂಪು ನೀಲಿ ಒಂದರೊಳಗೊಂದು ಸುತ್ತುತ್ತಿದ್ದವು. ಆ ಜೋಡಿಯ ಸೀರೆ ಬೆಟಗೇರಿಯಲ್ಲಿ ನೇಯ್ದರೆ ಎಷ್ಟು ಬೇಕಾದರೂ ಮಾರಿಕೊಡುತ್ತೇನೆ ಎಂದು ವ್ಯಾಪಾರಿ ಬುದ್ಧಿ ಲೆಕ್ಕ ಹಾಕುತ್ತಿರುವಾಗಲೇ ಡಾಕ್ಟರಮ್ಮ, “ಕಾಕಾ, ಇದು ಮನ್ಯಾಗ ಒಡದಿದ್ರ ಗದಗ ಮುಟ್ಟೂತನಕನೂ ನೀವು ಉಳೀತಿರಲಿಲ್ಲ” ಎಂದರು. ಆಗ ಹೆದರಿದೆ, ಮಾನ್ಯರೇ. ಅಪ್ಪ ಯಾವುದರಿಂದ ತೀರಿಕೊಂಡರು ಎಂದು ಯಾರಾದರೂ ಕೇಳಿದರೆ ಮೆಹನಾಜ ತನ್ನ ಮಾವನ ಮುಖ ನೋಡಬೇಕಾಗುತ್ತಿತ್ತಲ್ಲ!

ನನ್ನ ಮುಖ್ಯ ದೂರು ಇನ್ನು ಮುಂದಿದೆ. ಪರದೆ ನೋಡುತ್ತಲೇ ಡಾಕ್ಟರಮ್ಮ ಸೂಜಿಯ ಮೊನೆಯನ್ನು ತಮ್ಮೊಳಗೆ ಇಳಿಸಿ, ರಕ್ತ ಹೆಪ್ಪುಗಟ್ಟಿಸುವ ಮದ್ದನ್ನು ಒಂಚೂರು ಬಿಟ್ಟರು. ನಾನು ಬಿಸ್ಮಿಲ್ಲಾ ಅಂದು ಮುಗಿಸುವಷ್ಟರಲ್ಲಿ ಕೆಂಪು ಹೋಯಿತು, ನೀಲಿ ಹೋಯಿತು, ಬಡಿತ ನಿಂತಿತು. ಇಷ್ಟು ದಿನ ಉಪಚರಿಸಿದ ನನಗೆ ಒಂದು ಮಾತೂ ಹೇಳದೆ ಹೊರಟುಬಿಡುವುದೇ? ಕೊಯ್ತವಿಲ್ಲ, ಹೊಲಿಗೆಯಿಲ್ಲ. ಶಿರಹಟ್ಟಿಯಿಂದ ಸೇಬು ಹಿಡಿದುಕೊಂಡು ಬಂದ ನೆಂಟರು ಒಂದು ಬ್ಯಾಂಡೇಜನ್ನೂ ಕಾಣದೆ, ಸೇಬು ಕೊಡಬೇಕೋ ಬೇಡವೋ ಎಂದು ಚೀಲ ಹಿಡಿದುಕೊಂಡೇ ಕುಳಿತಿದ್ದರು. ಆದ್ದರಿಂದ ನನಗೆ ನಿಜವಾಗಿಯೂ ಕಾಯಿಲೆಯಿತ್ತೆಂದು ತಾವೇ ಒಮ್ಮೆ ಬಜಾರಕ್ಕೆ ಬಂದು ಸಾಕ್ಷಿ ಹೇಳಿ, ಕೂಡಲೇ ವಾಪಸು ಹೋಗತಕ್ಕದ್ದೆಂದು ಕೋರುತ್ತೇನೆ.

ನಿನ್ನೆ ಬೀಗರು ಮತ್ತೆ ಬಂದರು. ಮಾಸುಮಬಿ ನನ್ನ ಭುಜ ಒತ್ತಿ ಹಿಡಿದಿದ್ದಳು. ನಾನು ಕಣ್ಣು ಮುಚ್ಚಿಕೊಂಡು, ಬಲಗಾಲನ್ನು ಮುಂಡರಗಿಯ ದಿಕ್ಕಿಗೇ ನೆಟ್ಟಗೆ ಚಾಚಿದೆ. ಕಣ್ಣು ಬಿಟ್ಟರೆ ನಿಜಾಮುದ್ದೀನ ಸಾಹೇಬರೂ ನರಳುತ್ತ ತಮ್ಮ ಎರಡೂ ಕಾಲು ಚಾಚುತ್ತಿದ್ದರು. “ನನ್ನ ಮೊಣಕಾಲು ಹೋಗಿ ಭಾಳ ದಿನ ಆತ್ರಿ. ನೀವು ಮಡಚಿ ಕುಂಡ್ರತೀರಿ ಅಂತ ನಾನೂ ಮಡಚತಿದ್ದೆ” ಎಂದರು. ನಮ್ಮ ಮೂರು ಅಂಗಾಲುಗಳು ಎದುರುಬದುರಾಗಿ ಕುಳಿತು ಚಹಾ ಕಾದವು.

ತಮ್ಮ ವಿಶ್ವಾಸಿ, ಮರುಭೇಟಿಯ ಆಸೆಯಿಲ್ಲದ
ಖಾಸಿಂಸಾಬ

ತಾ.ಕ.: ಪತ್ರವನ್ನು ಓದಿಸಿ ಕೇಳಿದ ಮಾಸುಮಬಿ ಇಷ್ಟನ್ನು ಸೇರಿಸಲು ಹೇಳಿದ್ದಾಳೆ: “ನೀವು ಬೀಗರಿಬ್ಬರೂ ಕುಂತರ ಆತು. ಚಾ ಹಿಡಕೊಂಡು ಬಾಗಲದಾಗ ನಿಂತಾಕಿ ನಾನು. ನನ್ನ ಕಾಲು ಯಾವ ಮಶೀನ್ ನೋಡೈತಿ?” ಅವಳೀಗ ಕಾಲು ಚಾಚಿ ಕುಳಿತಿದ್ದಾಳೆ. ನಾನು ನಿಂತು ಚಹಾ ಕುದಿಸಲು ಡಾಕ್ಟರರ ಅಡ್ಡಿಯಿಲ್ಲವಂತೆ. ಅದನ್ನು ಆಸ್ಪತ್ರೆ ಬಿಡುವ ಮೊದಲೇ ಅವಳು ಕೇಳಿಕೊಂಡು ಬಂದಿದ್ದಾಳೆ.